ತಕ್ಕಡಿ ಸಾಹೇಬರ ಆರು ಜನರ ಮನೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ಮನುಷ್ಯನಿಗೆ ಯಾರೂ ಅಷ್ಟು ಸುಲಭವಾಗಿ ಟೋಪಿ ಹಾಕಲಾರರು ಎಂದು ಪೇಟೆಯವರೆಲ್ಲ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ತಕ್ಕಡಿ ಸಾಹೇಬರೇ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಎಡಗೈಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ, ಬಲಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಅವರು ಬೀದಿಯ ಈ ತುದಿಯಲ್ಲಿ ಕಾಲಿಟ್ಟರೆ, ಆ ತುದಿಯ ಅಂಗಡಿಯ ತಕ್ಕಡಿಗೆ ಅಂಟಿಸಿದ್ದ ಆಯಸ್ಕಾಂತ ತಾನಾಗಿಯೇ ಉದುರಿಬೀಳುತ್ತಿತ್ತು ಎಂದು ಆಣೆ ಮಾಡಿ ಹೇಳುವವರಿದ್ದರು.

ವಯಸ್ಸು ಐವತ್ತಮೂರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಚೆಗೆ ಕೇಳುವುದನ್ನು ಬಿಟ್ಟಿದ್ದರು. ಒಂದು ಮುದ್ರಣಾಲಯದ ಮೇಲಿನ ಹತ್ತಡಿ ಹನ್ನೆರಡಡಿಯ ಬಾಡಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಅಲ್ಲಿ ಮಂಚದಿಂದ ಏಳದೆಯೇ ಹಾಲು ಉಕ್ಕದಂತೆ ಸ್ಟೋವು ತಗ್ಗಿಸಬಹುದಿತ್ತು, ಕಿಟಕಿ ತೆಗೆಯಬಹುದಿತ್ತು, ಬಾಗಿಲ ಚಿಲಕ ಹಾಕಬಹುದಿತ್ತು. ಭಾನುವಾರ ಮಾತ್ರ ಮಂಚದಿಂದೆದ್ದು ಹೊರಗೆ ಹೋಗಿ, ಒಂದು ದಿನದ ರೈಲುಪ್ರಯಾಣದಷ್ಟು ದೂರದಲ್ಲಿದ್ದ ಅಕ್ಕನಿಗೆ ಫೋನು ಮಾಡುತ್ತಿದ್ದರು. ಕೋಣೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಕಚೇರಿಯ ಚಹಾದ ಹೊತ್ತಿನಲ್ಲಿ. ಟೈಪಿಸ್ಟು ಒಂಬೈನೂರು ಚದರಡಿಯ ಮನೆ ಕೊಂಡ ಸುದ್ದಿ ಹೇಳಿದಳು. ಎಲ್ಲರೂ ಅವಳ ಕೈಕುಲುಕಿದರು. ಆಮೇಲೆ ರೆಕಾರ್ಡ್ ಸೆಕ್ಷನ್ನಿನವನೊಬ್ಬ, ಕೆಟ್ಟ ಮನಸ್ಸಿನಿಂದಲ್ಲ, ಬರೀ ಮಾತಿಗೆ ಕೇಳಿದ:

"ಸಾಹೇಬ್ರೇ, ನೀವಿನ್ನೂ ಆ ಕೋಣೇಲೇ ಇದ್ದೀರಾ? ಪಾಪ."

ಕೋಣೆ ಎಂದದ್ದನ್ನು ಸಾಹೇಬರು ನುಂಗಿಕೊಂಡರು. ಪಾಪ ಎಂದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

"ನಾನೂ ಮನೆ ನೋಡ್ತಾ ಇದ್ದೀನಿ," ಎಂದರು ಲೋಟವನ್ನು ಗಂಭೀರವಾಗಿ ಕೆಳಗಿಟ್ಟು. "ಆದ್ರೆ ನನಗೆ ಹಿಡಿಸೋ ಅಂಥದ್ದು ಸಿಗ್ತಿಲ್ಲ. ಸಾವಿರದ ಆರುನೂರಕ್ಕೆ ಒಂದು ಚದರಡಿ ಕಡಿಮೆ ಇದ್ರೂ ನನಗೆ ಉಸಿರು ಕಟ್ಟುತ್ತೆ."

ನೂರಿಪ್ಪತ್ತು ಚದರಡಿಯಲ್ಲಿ ಇಪ್ಪತ್ತೆರಡು ವರ್ಷ ನಿರಾತಂಕವಾಗಿ ಉಸಿರಾಡಿದ ಮನುಷ್ಯ ಆಡಿದ ಮಾತು ಇದು. ಮರುದಿನದಿಂದ ಎದುರಾದವರೆಲ್ಲ "ಮನೆ ಸಿಕ್ತಾ ಸಾಹೇಬ್ರೇ?" ಎನ್ನತೊಡಗಿದರು. ಹದಿನೈದು ದಿನ ತಡೆದುಕೊಂಡ ಸಾಹೇಬರು ಹದಿನಾರನೆಯ ದಿನ ರಜೆ ಹಾಕಿ ಮನೆ ನೋಡಲು ಹೊರಟೇಬಿಟ್ಟರು.

ಮನೆ ತೋರಿಸುವ ಕೆಲಸಕ್ಕಿದ್ದಾಕೆ ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಆ ವೃತ್ತಿಗೆ ಹೊಂದದ ಒಂದು ದೌರ್ಬಲ್ಯ ಆಕೆಗಿತ್ತು. ನಿಜ ಹೇಳುತ್ತಿದ್ದಳು.

"ಮೊದಲು ಇದನ್ನ ನೋಡಿ ಸರ್. ಏಳುನೂರ ಎಂಬತ್ತು ಚದರಡಿ. ಆದ್ರೆ ನಕ್ಷೆ ಹಾಕಿದವರು ತಲೆ ಉಪಯೋಗಿಸಿದ್ದಾರೆ. ಒಂದಡೀನೂ ದಂಡ ಆಗಿಲ್ಲ. ಇಲ್ಲಿ ಕಿಟಕಿ ಹತ್ರ ಮೇಜು ಹಾಕ್ಕೊಂಡ್ರೆ ಸಂಜೆವರೆಗೂ ಬೆಳಕು. ಅಡುಗೆ ಮಾಡೋರ ಜೊತೆ ಮಾತಾಡ್ತಾ ಪೇಪರ್ ಓದಬಹುದು, ಬಾಗಿಲಿಗೆ ಯಾರು ಬಂದ್ರೂ ಕೂತಲ್ಲಿಂದಲೇ ಕಾಣ್ತಾರೆ."

"ಏಳುನೂರ ಎಂಬತ್ತು!" ಎಂದರು ಸಾಹೇಬರು. ಕಿಲೋಗೆ ಅರ್ಧ ಕಿಲೋ ಕಡಿಮೆ ತೂಗಿದ ಅಂಗಡಿಯವನನ್ನು ಅವರು ನೋಡುತ್ತಿದ್ದದ್ದು ಇದೇ ನೋಟದಿಂದ. "ದೊಡ್ಡದು ತೋರ್ಸಮ್ಮ."

ಆಕೆ ನಿಟ್ಟುಸಿರು ಬಿಟ್ಟು ಇನ್ನೊಂದು ಬೀದಿಯ ಕಟ್ಟಡವೊಂದರ ಎರಡನೇ ಮಹಡಿಗೆ ಕರೆದುಕೊಂಡು ಹೋದಳು. ಸಾವಿರದ ಆರುನೂರ ನಲವತ್ತು ಚದರಡಿ. ಮಿಕ್ಕ ಮನೆಗಳನ್ನೆಲ್ಲ ಲಕ್ಷಣವಾಗಿ ಕತ್ತರಿಸಿಕೊಂಡ ಮೇಲೆ ಉಳಿದ ಚೂರುಬಟ್ಟೆಗಳಲ್ಲಿ ಹೊಲಿದ ಅಂಗಿಯ ಹಾಗಿತ್ತು ಆ ಮನೆ. ಒಳಗೆ ಕಾಲಿಟ್ಟರೆ ಹಾಲು. ಹಾಲಿನ ನಟ್ಟನಡುವೆ, ಮನೆಯ ಯಜಮಾನ ತಾನೇ ಎಂಬಂತೆ ಒಂದು ದಪ್ಪ ಕಂಬ. ಅಲ್ಲಿಂದ ಮೂರೂಕಾಲು ಅಡಿ ಅಗಲದ, ನಲವತ್ತೊಂದು ಅಡಿ ಉದ್ದದ ಕಾರಿಡಾರು. ಅಡುಗೆಮನೆ ಅದರ ಈ ತುದಿಗೆ, ಮಲಗುವ ಕೋಣೆ ಆ ತುದಿಗೆ. ಎರಡನೇ ಮಲಗುವ ಕೋಣೆಗೆ ಮೂರನೆಯದರ ಮೂಲಕವೇ ಹೋಗಬೇಕು. ಬಾಲ್ಕನಿಯ ಬಾಗಿಲು ಸಾಮಾನಿನ ಕೋಣೆಯೊಳಗಿತ್ತು. ಕಾರಿಡಾರಿನ ಕೊನೆಯಲ್ಲೊಂದು ಒಳ್ಳೆಯ ಕಿಟಕಿ, ಯಾರೋ ಮರೆತು ಬಿಟ್ಟುಹೋದಂತೆ.

"ಸರ್, ಇದರ ನಕ್ಷೆ ಸ್ವಲ್ಪ..." ಎಂದಳು ಆಕೆ.

ಸಾಹೇಬರು ಟೇಪಿನ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟಿದ್ದರು. ಮೂರು ಗಂಟೆಗಳ ಕಾಲ ಮನೆಯನ್ನು ಅಂಗುಲ ಅಂಗುಲವಾಗಿ ಅಳೆದರು. ಕೊನೆಗೆ ಬೆವರೊರೆಸಿಕೊಂಡು, ಕಣ್ಣರಳಿಸಿ ಘೋಷಿಸಿದರು: "ಸಾವಿರದ ಆರುನೂರ ನಲವತ್ತೊಂದು! ಒಂದು ಚದರಡಿ ಜಾಸ್ತೀನೇ ಇದೆ!"

"ಅಳತೇಲಿ ಮೋಸ ಇಲ್ಲ ಸರ್, ನಕ್ಷೇಲಿದೆ. ಕಾಲುಭಾಗ ಬರೀ ಓಡಾಡೋಕೆ ಹೋಗುತ್ತೆ. ಕೂತ್ಕೊಳ್ಳೋಕೆ ಜಾಗ ಎಲ್ಲಿದೆ ಹೇಳಿ?"

"ಓಡಾಡೋದು ಆರೋಗ್ಯಕ್ಕೆ ಒಳ್ಳೇದಮ್ಮ."

ಆಕೆ ಸೋತು ಅರ್ಜಿಯ ಹಾಳೆ ತೆಗೆದಳು. ಅದನ್ನು ಮನೆಮಾಲೀಕರ ಸಂಘಕ್ಕೆ ಕೊಡಬೇಕಿತ್ತು. "ಮನೇಲಿ ಎಷ್ಟು ಜನ ಸರ್?"

ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. 'ಒಬ್ಬನೇ' ಎಂಬ ಮಾತು ಸಾಹೇಬರ ನಾಲಿಗೆಯ ತುದಿಗೆ ಬಂದು, ಆ ನಲವತ್ತೊಂದು ಅಡಿ ಉದ್ದದ ಕಾರಿಡಾರನ್ನು ಒಮ್ಮೆ ನೋಡಿ, ಹೆದರಿ ಹಿಂದಕ್ಕೆ ಹೋಯಿತು.

"ಆರು," ಎಂದರು.

"ಆರಾ? ಯಾರ್ಯಾರು ಸರ್?"

"ನಾನು... ಅಕ್ಕ... ಭಾವ... ಅವರ ಮೂರು ಮಕ್ಕಳು."

ಇದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಅವರೆಲ್ಲ ಈ ಭೂಮಿಯ ಮೇಲೆ ಇದ್ದವರೇ. ಇಲ್ಲಿರಲಿಲ್ಲ, ಅಷ್ಟೇ. ಆ ಭಾನುವಾರವೇ ಸಾಹೇಬರು ಫೋನಿನಲ್ಲಿ ಕೂಗಿ ಹೇಳಿದರು: "ಅಕ್ಕಾ, ಮೂರು ಬೆಡ್‌ರೂಮು! ನೀವೆಲ್ಲ ಬಂದು ಎಷ್ಟು ದಿನ ಬೇಕಾದ್ರೂ ಇರಬಹುದು!"

"ಬರ್ತೀವಿ ಕಣೋ," ಎಂದಳು ಅಕ್ಕ. "ನಿಮ್ಮ ಭಾವಂಗೆ ರಜಾ ಸಿಗ್ಲಿ."

ಭಾವನಿಗೆ ರಜಾ ಸಿಗುವುದನ್ನು ಸಾಹೇಬರು ಒಂಬತ್ತು ವರ್ಷದಿಂದ ಕಾಯುತ್ತಿದ್ದರು.

ಹೊಸಮನೆಯಲ್ಲಿ ಸಾಹೇಬರಿಗೆ ಆರೋಗ್ಯಕ್ಕೇನೂ ಕೊರತೆಯಾಗಲಿಲ್ಲ. ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡಲು ನಲವತ್ತೊಂದು ಅಡಿ. ಬೆಂಕಿಪೆಟ್ಟಿಗೆ ಮಂಚದ ಪಕ್ಕದಲ್ಲೇ ಉಳಿದಿದ್ದರೆ ಹೋಗಿ ಬರಲು ಎಂಬತ್ತೆರಡು. ನೀರು ಕುದಿಯುವಷ್ಟರಲ್ಲಿ ಕನ್ನಡಕ ನೆನಪಾದರೆ ಇನ್ನೊಂದು ಎಂಬತ್ತೆರಡು. ಪೇಪರು ಹಾಲಿನಲ್ಲಿ, ಬೆಳಕು ಕಾರಿಡಾರಿನ ಕೊನೆಯಲ್ಲಿ, ಕುರ್ಚಿ ಎರಡೂ ಇಲ್ಲದ ಕಡೆ. ಒಂದು ಲೋಟ ಚಹಾ ಕುಡಿದು ಕಚೇರಿಗೆ ಹೊರಡುವುದರೊಳಗೆ ಅವರು ಸರಾಸರಿ ಎಂಟುನೂರ ಇಪ್ಪತ್ತು ಅಡಿ ನಡೆಯುತ್ತಿದ್ದರು. ಇದನ್ನು ಅವರೇ ಲೆಕ್ಕ ಹಾಕಿದ್ದು, ಆದ್ದರಿಂದ ತಪ್ಪಿರಲಾರದು. ಕಾಲಲ್ಲಿ ಗಟ್ಟಿ ಅಟ್ಟೆಯ ಚಪ್ಪಲಿ.

ಹನ್ನೊಂದನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಆ ಮನೆಗೆ ಬಂದ ಮೊದಲ ಸದ್ದು ಅದು. ಸಾಹೇಬರು ಓಡಿ ಬಂದರು.

ಹೊರಗೆ ಕೋಲು ಹಿಡಿದ, ತೆಳ್ಳಗಿನ, ನೆಟ್ಟಗಿನ ಹೆಂಗಸು. ಕೆಳಗಿನ ಮನೆಯವರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಇಡೀ ಕಟ್ಟಡ ಅವರನ್ನು ಹೆಡ್ ಮೇಡಂ ಎನ್ನುತ್ತಿತ್ತು, ಮತ್ತು ಅವರು ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು.

"ಮೇಲಿನ ಮನೆ ಯಜಮಾನರು ನೀವೇನಾ?"

"ಹೌದು ಮೇಡಂ."

"ಆರು ಜನ ಅಂತ ಕೆಳಗೆ ಸಂಘದ ಬೋರ್ಡಲ್ಲಿ ನೋಡ್ದೆ. ಆರು ಜನ ಅಂದ್ಮೇಲೆ ಆರು ಜನರ ಸದ್ದು ಬರುತ್ತೆ, ಒಪ್ಕೋತೀನಿ. ಆದ್ರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಹನ್ನೆರಡು ಜನರ ಸದ್ದು ಬರ್ತಿದೆ. ಯಾರದು ಹಾಗೆ ಓಡೋದು?"

ನಿಜ ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಸಾಹೇಬರು ಅದನ್ನು ಬಿಟ್ಟುಕೊಟ್ಟರು.

"ಮಕ್ಕಳು, ಮೇಡಂ."

"ಎಷ್ಟೆಷ್ಟು ವಯಸ್ಸು?"

ಸಾಹೇಬರ ಮನಸ್ಸಿನಲ್ಲಿ ಅಕ್ಕನ ಮಕ್ಕಳು ತಾವು ಕೊನೆಯ ಸಲ ನೋಡಿದ ವಯಸ್ಸಿನಲ್ಲೇ ನಿಂತುಬಿಟ್ಟಿದ್ದರು. "ಹತ್ತು, ಎಂಟು, ಐದು," ಎಂದರು. ಹತ್ತರವನಿಗೆ ಅಷ್ಟರಲ್ಲಿ ಮೀಸೆ ಬಂದು, ಅದನ್ನವನು ಒಮ್ಮೆ ಬೋಳಿಸಿಯೂ ಆಗಿತ್ತು.

"ಐದು ವರ್ಷಕ್ಕೇ ಬುದ್ಧಿ ಕಲಿಸ್ಬೇಕು. ಈಗ್ಲೇ ಕರೆದು ಹೇಳಿ," ಎಂದು ಹೆಡ್ ಮೇಡಂ ಕೋಲು ಕುಟ್ಟುತ್ತ ಇಳಿದುಹೋದರು.

ಈಗಲೇ ಎಂದದ್ದರಿಂದ ಅವರು ಕೆಳಗೆ ಕಿವಿಗೊಟ್ಟು ಕೂತಿರುತ್ತಾರೆ ಎಂಬುದರಲ್ಲಿ ಸಾಹೇಬರಿಗೆ ಸಂಶಯವಿರಲಿಲ್ಲ. ಕಾರಿಡಾರಿನ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಅಬ್ಬರಿಸಿದರು:

"ಏಯ್! ಕೆಳಗಡೆ ಮೇಡಂಗೆ ತೊಂದ್ರೆ ಆಗುತ್ತೆ ಅಂತ ಎಷ್ಟು ಸಲ ಹೇಳ್ಬೇಕು? ಕೂತ್ಕೊಂಡು ಓದ್ಕೊಳ್ಳೋಕೆ ಏನು ರೋಗ ನಿಮಗೆ?"

ಮಾತು ಕಾರಿಡಾರಿನ ಕೊನೆಯವರೆಗೆ ಹೋಗಿ, ಕಿಟಕಿಗೆ ತಾಕಿ, ಹಾಗೇ ವಾಪಸು ಬಂತು. ಸಾಹೇಬರು ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದರು. ಮನೆ ಕೂಡಲೇ ನಿಶ್ಶಬ್ದವಾಯಿತು. ಒಂದೇ ಮಾತಿಗೆ ಅಷ್ಟು ವಿಧೇಯರಾಗುವ ಮಕ್ಕಳು ಲೋಕದಲ್ಲಿ ಇನ್ನೆಲ್ಲೂ ಸಿಕ್ಕಲಾರರು. ಅವರ ವಿಧೇಯತೆ ಆ ಸಂಜೆ ಎಷ್ಟು ಹೆಚ್ಚಾಯಿತೆಂದರೆ, ಸಾಹೇಬರು ಬೇಕೆಂದೇ ಎರಡು ಸಲ ಕೆಮ್ಮಿದರು.

ಮರುದಿನ ಹೆಡ್ ಮೇಡಂ ಮತ್ತೆ ಬಂದರು. ಕೈಯಲ್ಲಿ ಮಕ್ಕಳ ಕಥೆಪುಸ್ತಕಗಳು ಮೂರು.

"ನಿನ್ನೆ ಸ್ವಲ್ಪ ಜಾಸ್ತಿ ಬೈದ್ರಿ. ಮಕ್ಕಳನ್ನ ಅಷ್ಟು ಗದರಬಾರ್ದು. ಇದನ್ನ ಕೊಡಿ, ಓದ್ಲಿ. ಓದಿ ಆದ್ಮೇಲೆ ಕೆಳಗೆ ಕಳ್ಸಿ, ಪ್ರಶ್ನೆ ಕೇಳ್ತೀನಿ."

ಆ ಮೂರೂ ಪುಸ್ತಕಗಳನ್ನು ಸಾಹೇಬರು ಒಂದು ವಾರದಲ್ಲಿ ಓದಿ ಮುಗಿಸಿದರು. ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಲ್ಲ. ಪುಸ್ತಕ ಹಿಂದಿರುಗಿಸುವಾಗ "ಮಕ್ಕಳಿಗೆ ಸಂಕೋಚ ಮೇಡಂ, ನನ್ನನ್ನೇ ಕೇಳಿ" ಎಂದರು. ಹೆಡ್ ಮೇಡಂ ಬಾಗಿಲಲ್ಲೇ ನಿಲ್ಲಿಸಿ ಒಂಬತ್ತು ಪ್ರಶ್ನೆ ಕೇಳಿದರು. ಏಳಕ್ಕೆ ಸರಿಯುತ್ತರ ಬಂತು. "ದೊಡ್ಡವನಿಗೆ ಇನ್ನಷ್ಟು ಗಮನ ಬೇಕು" ಎಂದು ಮೇಡಂ ಇನ್ನೆರಡು ಪುಸ್ತಕ ಕೊಟ್ಟರು.

ಗದರಿಸುವುದು ರೂಢಿಯಾಯಿತು. ಬೆಳಿಗ್ಗೆ "ಹಲ್ಲುಜ್ಜಿದ್ರಾ?" ಸಂಜೆ "ದೀಪ ಹಾಕ್ಕೊಂಡು ಓದಿ, ಕಣ್ಣು ಹಾಳಾಗುತ್ತೆ." ಒಮ್ಮೊಮ್ಮೆ ಭಾವನ ಜೊತೆಗೂ ರಾಜಕೀಯದ ವಿಷಯಕ್ಕೆ ಜೋರು ಮಾತಾಗುತ್ತಿತ್ತು. ಭಾವ ಎಂದೂ ಎದುರು ಮಾತಾಡಿದವರಲ್ಲ. ಹೀಗೆ ಏಳು ತಿಂಗಳು ಆ ಸಂಸಾರ ಸುಗಮವಾಗಿ ಸಾಗಿತು. ಅದನ್ನು ಕೆಡಿಸಿದ್ದು ನೀರು.

ಸಂಘದ ಕಾರ್ಯದರ್ಶಿ ಹಿಂದೆ ಬಸ್ ಡಿಪೋ ಮ್ಯಾನೇಜರಾಗಿದ್ದವರು. ಯಾವ ಬಸ್ಸಿಗೆ ಎಷ್ಟು ಡೀಸೆಲ್ ಎಂದು ಬರೆದು ಬರೆದು ಅಭ್ಯಾಸವಾಗಿದ್ದ ಅವರು ಈಗ ಯಾವ ಮನೆಗೆ ಎಷ್ಟು ನೀರು ಎಂದು ಬರೆಯುತ್ತಿದ್ದರು. ಒಂದು ಸಂಜೆ ರಿಜಿಸ್ಟರನ್ನು ಎದೆಗವಚಿಕೊಂಡು ಬಂದವರು, ಹಾಲಿನ ಕಂಬದ ಆಚೆ ನಿಂತು, ಸಂಕೋಚದಿಂದ ತಡವರಿಸಿದರು.

"ತಪ್ಪು ತಿಳ್ಕೋಬೇಡಿ ಸಾಹೇಬ್ರೇ. ಇದು ಮನೆಯೊಳಗಿನ ವಿಷಯ. ನನಗೆ ಕೇಳೋ ಅಧಿಕಾರ ಇಲ್ಲ. ಆದ್ರೂ ಕೇಳ್ತೀನಿ. ನಿಮ್ಮ ಮನೇಲಿ ಎಲ್ಲರೂ ಸ್ನಾನ ಮಾಡ್ತೀರಾ?"

ಕಂಬ ಅಡ್ಡವಿದ್ದದ್ದರಿಂದ ಇಬ್ಬರಿಗೂ ಇನ್ನೊಬ್ಬರ ಮುಖ ಕಾಣಿಸಲಿಲ್ಲ. ಆ ಕಂಬದಿಂದ ಆದ ಉಪಕಾರ ಅದೊಂದೇ.

"ಮಾಡ್ತೀವಿ!" ಎಂದರು ಸಾಹೇಬರು.

"ಮೀಟರ್ ಹಾಗೆ ಹೇಳೋದಿಲ್ಲ. ಆರು ಜನಕ್ಕೆ ಇಷ್ಟು ನೀರು ಅಂದ್ರೆ ಒಬ್ಬರಿಗೆ ದಿನಕ್ಕೆ ಮೂರು ತಂಬಿಗೆ. ಅಕ್ಕಪಕ್ಕದವರು ಏನೂ ವಾಸನೆ ಅಂದಿಲ್ಲ, ನಾನು ವಿಚಾರಿಸ್ದೆ. ಆದ್ರೂ, ಮಕ್ಕಳಿರೋ ಮನೆ ನೋಡಿ."

ಜೀವಮಾನವಿಡೀ ಅಳತೆಯನ್ನೇ ನಂಬಿದ ಸಾಹೇಬರಿಗೆ ತಮ್ಮ ಮೀಟರನ್ನು ಸುಳ್ಳು ಎನ್ನಲಾಗಲಿಲ್ಲ. ನಲ್ಲಿ ತಿರುಗಿಸಿ ನೀರನ್ನು ಸುಮ್ಮನೆ ಬಿಡುವುದು ಅವರ ಆತ್ಮಸಾಕ್ಷಿಗೆ ಒಗ್ಗುವ ಕೆಲಸವಲ್ಲ. ಉಳಿದದ್ದು ಒಂದೇ ದಾರಿ. ಮರುದಿನದಿಂದ ಆರು ಜನರ ಪರವಾಗಿ ತಾವೊಬ್ಬರೇ ಸ್ನಾನ ಮಾಡತೊಡಗಿದರು. ಬೆಳಿಗ್ಗೆ ತಮ್ಮದು, ಅಕ್ಕನದು, ಭಾವನದು. ಕಚೇರಿಯಿಂದ ಬಂದ ಮೇಲೆ ಮಕ್ಕಳ ಮೂರು. ಐದನೆಯ ದಿನಕ್ಕೆ ನೆಗಡಿ ಹಿಡಿಯಿತು. ಏಳನೆಯ ದಿನಕ್ಕೆ ಜ್ವರ ಬಂತು.

ಕೆಳಗೆ ಹೆಡ್ ಮೇಡಂ ಸೀನುಗಳನ್ನು ಲೆಕ್ಕ ಹಾಕುತ್ತಿದ್ದರು. ಅಡುಗೆಮನೆಯ ಮೇಲೊಂದು ಸೀನು. ಹಾಲಿನ ಮೇಲೊಂದು. ನಲವತ್ತಡಿ ಆಚೆ, ಮಲಗುವ ಕೋಣೆಯ ಮೇಲೆ ಒಟ್ಟಿಗೆ ಮೂರು. ನೋಡನೋಡುತ್ತ ಇಡೀ ಮನೆಗೇ ಹಬ್ಬಿದೆ ಎಂದು ತೀರ್ಮಾನಿಸಿ ಕಾರ್ಯದರ್ಶಿಗೆ ಹೇಳಿದರು. ಕಾರ್ಯದರ್ಶಿ ಸಾಂಕ್ರಾಮಿಕ ಎಂಬ ಪದವನ್ನು ಸರಿಯಾಗಿ ಉಚ್ಚರಿಸಲು ಎರಡು ಸಲ ಪ್ರಯತ್ನಿಸಿ, ಬಿಟ್ಟು, ಡಾಕ್ಟರನ್ನು ಕರೆತರಲು ಓಡಿದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂವರೂ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಆರು ಜನರ ಮಾತ್ರೆ ತಂದಿದ್ದರು. ಹೆಡ್ ಮೇಡಂ ಕೈಯಲ್ಲಿ ಬ್ರೆಡ್ಡಿನ ದೊಡ್ಡ ಪೊಟ್ಟಣ. ಕಾರ್ಯದರ್ಶಿಯ ಕೈಯಲ್ಲಿ ರಿಜಿಸ್ಟರು.

ಹೊದಿಕೆ ಹೊದ್ದು ನಡುಗುತ್ತಿದ್ದ ಸಾಹೇಬರು ಬಾಗಿಲಿಗೆ ಅಡ್ಡವಾಗಿ ನಿಂತರು. "ಎಲ್ಲರೂ ಮಲಗಿದ್ದಾರೆ. ಎಬ್ಬಿಸೋದು ಬೇಡ."

"ಮಲಗಿರೋರನ್ನೇ ನೋಡೋಕೆ ಬಂದಿರೋದು," ಎಂದು ಹೆಡ್ ಮೇಡಂ ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದರು. "ನಾನು ಬಿಸಿನೀರು ಇಡ್ತೀನಿ. ಡಾಕ್ಟ್ರೇ, ನೀವು ಕೈ ತೊಳ್ಕೊಂಡು ಬನ್ನಿ."

ಕಾರ್ಯದರ್ಶಿ ಕೂರಲು ಜಾಗ ಹುಡುಕಿದರು. ಕಂಬದ ಈಚೆ ಕೂತರೆ ಬಾಗಿಲು ತೆಗೆಯಲಾಗುತ್ತಿರಲಿಲ್ಲ, ಆಚೆ ಕೂತರೆ ಯಾರೂ ಕಾಣುತ್ತಿರಲಿಲ್ಲ. ಕೊನೆಗೆ ಕಾರಿಡಾರಿನಲ್ಲಿ ನಿಂತರು. ಹೊದಿಕೆಯ ಸಾಹೇಬರಿಗೆ ಅವರನ್ನು ದಾಟಿ ಮುಂದೆ ಹೋಗಲಾಗಲಿಲ್ಲ. ಇಬ್ಬರೂ ಒಂದೇ ಕಡೆ ಸರಿದು, ಮತ್ತೆ ಒಂದೇ ಕಡೆ ಸರಿದು, ಕ್ಷಮಿಸಿ ಎಂದುಕೊಂಡರು.

ಅಷ್ಟರಲ್ಲಿ 'ಢಬ್' ಎಂದು ಸದ್ದಾಯಿತು.

ಡಾಕ್ಟರು ಬಚ್ಚಲಿನ ಬಾಗಿಲನ್ನು ಹೊರಕ್ಕೆ ತಳ್ಳಿದ್ದರು. ಅದೇ ಕ್ಷಣ ಹೆಡ್ ಮೇಡಂ ಅಡುಗೆಮನೆಯ ಬಾಗಿಲನ್ನು ಹೊರಕ್ಕೆ ತಳ್ಳಿದ್ದರು. ಎದುರುಬದುರಿದ್ದ ಎರಡು ಬಾಗಿಲುಗಳು ಕಾರಿಡಾರಿನ ನಡುವೆ ಟಗರುಗಳಂತೆ ಡಿಕ್ಕಿ ಹೊಡೆದು ನಿಂತಿದ್ದವು. ಒಂದು ಬಾಗಿಲ ಹಿಂದೆ ಡಾಕ್ಟರು, ಇನ್ನೊಂದರ ಹಿಂದೆ ಹೆಡ್ ಮೇಡಂ.

"ಏನ್ರೀ ಇದು?" ಡಾಕ್ಟರ ದನಿ ಒಳಗಿನಿಂದ ಬಂತು. "ಈ ಎರಡು ಬಾಗಿಲು ಒಟ್ಟಿಗೆ ತೆಗೆಯೋ ಹಾಗಿಲ್ವಾ?"

"ಅಯ್ಯೋ, ನನಗೂ ಈಗ್ಲೇ ಗೊತ್ತಾಗಿದ್ದು!" ಎಂದರು ಸಾಹೇಬರು. ಅವರ ಬೆರಗು ಪ್ರಾಮಾಣಿಕವಾಗಿತ್ತು.

ಕಾರ್ಯದರ್ಶಿ ನಕ್ಕರು. "ಕೆಳಗಿನ ಮನೇನೂ ಇದೇ ನಕ್ಷೆ ಅಲ್ವಾ? ಮೇಡಂಗೆ ಗೊತ್ತಿರ್ಬೇಕಿತ್ತು. ದಿನಾ ಡಿಕ್ಕಿ ಹೊಡೀತಿರ್ಬೇಕಲ್ಲ?"

"ನನಗೆ ಹೇಗ್ರೀ ಗೊತ್ತಾಗುತ್ತೆ?" ಹೆಡ್ ಮೇಡಂ ಬಾಗಿಲ ಹಿಂದಿನಿಂದ ಸಿಡಿದರು. "ಇನ್ನೊಂದು ಬಾಗಿಲು ತೆಗೆಯೋಕೆ ನಮ್ಮನೇಲಿ ಯಾರಿದ್ದಾರೆ?"

ಅಂದವರು ಅಲ್ಲಿಗೇ ನಿಲ್ಲಿಸಿದರು.

ಡಾಕ್ಟರು ತಮ್ಮ ಬಾಗಿಲನ್ನು ಹಿಂದಕ್ಕೆಳೆದುಕೊಂಡರು. ಹೆಡ್ ಮೇಡಂ ಹೊರಬಂದು, ಕನ್ನಡಕ ಸರಿಮಾಡಿಕೊಂಡು, ಬಾಗಿಲಿನ ಅಂಚನ್ನು ಉತ್ತರಪತ್ರಿಕೆಯಂತೆ ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿದರು. ಬಣ್ಣ ಎಲ್ಲೂ ಕಿತ್ತುಬಂದಿರಲಿಲ್ಲ. ಆಗತಾನೇ ಬಿದ್ದ ಪೆಟ್ಟು ಒಂದೇ.

"ಬಂದು ಎಷ್ಟು ತಿಂಗಳಾಯ್ತು ನೀವು?" ಎಂದು ಮೆಲ್ಲಗೆ ಕೇಳಿದರು.

"ಏಳು ಮುಗೀತು ಮೇಡಂ."

ಹೆಡ್ ಮೇಡಂ ಮತ್ತೇನೂ ಕೇಳಲಿಲ್ಲ. ಕೇಳಿದ್ದು ಡಾಕ್ಟರು. ಅವರಿಗೆ ಇನ್ನೂ ಐದು ರೋಗಿಗಳು ಬೇಕಾಗಿದ್ದರು. ಮೂರನೇ ಕೋಣೆಗೆ ಹೋದರು, ಅದರ ಮೂಲಕ ಎರಡನೆಯದಕ್ಕೆ ಹೋದರು, ದಾರಿ ತಪ್ಪಿ ಸಾಮಾನಿನ ಕೋಣೆಯಿಂದ ಬಾಲ್ಕನಿಗೆ ಹೋಗಿ ಬಂದರು. "ಇಲ್ಲಿ ಹಾಸಿಗೆ ಇದೆ, ಜನ ಇಲ್ವಲ್ರೀ," ಎಂದರು. ಎರಡು ಕೋಣೆಗಳಲ್ಲಿ ಸಾಲಾಗಿ ಐದು ದಿಂಬುಗಳಿದ್ದವು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

ಹೊದಿಕೆಯೊಳಗೆ ಮುದುಡಿ ನಿಂತ ಸಾಹೇಬರು ನೆಲ ನೋಡುತ್ತ ಹೇಳಿದರು: "ಬರ್ತೀವಿ ಅಂದಿದ್ರು."

ಡಾಕ್ಟರು ಒಬ್ಬರಿಗಾಗುವಷ್ಟು ಮಾತ್ರೆ ಕತ್ತರಿಸಿ ಕೊಟ್ಟು ಮಿಕ್ಕದ್ದನ್ನು ಚೀಲಕ್ಕೆ ಹಾಕಿಕೊಂಡರು. ಯಾರೂ ನಗಲಿಲ್ಲ. ನಕ್ಕಿದ್ದರೆ ಸಾಹೇಬರಿಗೆ ಸ್ವಲ್ಪ ಅನುಕೂಲವಾಗುತ್ತಿತ್ತು. ಹೆಡ್ ಮೇಡಂ ಬ್ರೆಡ್ಡನ್ನು ಅಡುಗೆಮನೆಯಲ್ಲಿಟ್ಟು, ಕೋಲನ್ನು ಕುಟ್ಟದೆ, ಸದ್ದಿಲ್ಲದೆ ಇಳಿದುಹೋದರು.

ಜ್ವರ ಬಿಟ್ಟ ಮೇಲೆ ಕಾರ್ಯದರ್ಶಿ ರಿಜಿಸ್ಟರಿನೊಡನೆ ಬಂದರು. ತಪ್ಪು ಲೆಕ್ಕದೊಡನೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ಆರನ್ನ ಒಂದು ಮಾಡ್ಬೇಕು ಸಾಹೇಬ್ರೇ. ಮಾಡ್ತೀನಿ, ಅದೇನು ದೊಡ್ಡ ಕೆಲಸ ಅಲ್ಲ. ಆದ್ರೆ ಇಲ್ಲಿ ಕಾರಣ ಅಂತ ಒಂದು ಕಾಲಂ ಇದೆ. ಸದಸ್ಯರು ಕಡಿಮೆಯಾದ ಕಾರಣ. ಮದುವೆ, ವರ್ಗಾವಣೆ, ಮರಣ, ಮೂರರಲ್ಲಿ ಒಂದು ಬರೀಬೇಕು."

ಸಾಹೇಬರು ಯೋಚಿಸಿದರು. ಐದೂ ಜನರಿಗೆ ಒಟ್ಟಿಗೆ ಮದುವೆ ಮಾಡಿಸುವಂತಿರಲಿಲ್ಲ, ಅಕ್ಕ ಭಾವನಿಗೆ ಈಗಾಗಲೇ ಆಗಿತ್ತು. ಮರಣವನ್ನು ಬಾಯಲ್ಲೂ ಆಡಲಾಗದು.

"ಖಾಲಿ ಬಿಟ್ರೆ?"

"ಖಾಲಿ ಬಿಡೋ ಹಾಗಿಲ್ಲ."

"ಹಾಗಾದ್ರೆ, ಬರ್ಲಿಲ್ಲ ಅಂತ ಬರೀರಿ."

ಕಾರ್ಯದರ್ಶಿ ಪೆನ್ನೆತ್ತಿ ಒಂದು ಕ್ಷಣ ಅವರ ಮುಖ ನೋಡಿದರು. ನಿಯಮದಲ್ಲಿಲ್ಲದ್ದನ್ನು ಜೀವಮಾನದಲ್ಲಿ ಮೊದಲ ಸಲ ಬರೆದರು: 'ಬರಲಿಲ್ಲ.' ಕೆಳಗೆ ಸಹಿ ಹಾಕಿಸಿಕೊಂಡರು.

ಆಮೇಲೆ ಸಾಹೇಬರ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಟ್ಟಲು ಕಾರಣವಿರಲಿಲ್ಲ. ನೀರಿನ ಲೆಕ್ಕ ಸರಿಹೋಗಿತ್ತು, ಜ್ವರ ಹರಡುವ ಭಯವಿರಲಿಲ್ಲ. ಸಾಹೇಬರು ಮನೆಯೊಳಗೆ ಕಾಲುಚೀಲ ಹಾಕಿಕೊಂಡು, ಕಳ್ಳನಂತೆ ಹೆಜ್ಜೆ ಇಡುತ್ತಿದ್ದರು. ಗದರಲು ಯಾರೂ ಉಳಿದಿರಲಿಲ್ಲ. ಟೈಪಿಸ್ಟು ಕಚೇರಿಯಲ್ಲಿ "ದೊಡ್ಡ ಮನೇಲಿ ಹೇಗಿದ್ದೀರಾ ಸಾಹೇಬ್ರೇ?" ಎಂದಾಗ "ಧಾರಾಳವಾಗಿದ್ದೀನಿ" ಎಂದರು.

ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಕೋಲಿನ ಸದ್ದು ಮೆಟ್ಟಿಲೇರಿ ಬಂತು.

"ಹನ್ನೆರಡು ದಿನದಿಂದ ಮೇಲೆ ಒಂದು ಸದ್ದೂ ಇಲ್ಲ," ಎಂದರು ಹೆಡ್ ಮೇಡಂ, ದೂರು ಕೊಡುವ ದನಿಯಲ್ಲೇ. "ಏನು ಮಾಡ್ತಿದ್ದೀರಾ?"

"ಏನೂ ಇಲ್ಲ ಮೇಡಂ."

"ಕೂತ್ಕೊಳ್ಳೋಕೆ ಎಲ್ಲಾದ್ರೂ ಜಾಗ ಇದೆಯಾ ನಿಮ್ಮನೇಲಿ?"

ಇಬ್ಬರೂ ಹುಡುಕಿದರು. ಹಾಲಿನಲ್ಲಿ ಕಂಬ ಬಿಡಲಿಲ್ಲ. ಅಡುಗೆಮನೆಯಲ್ಲಿ ಎರಡನೇ ಕುರ್ಚಿ ಹಿಡಿಸಲಿಲ್ಲ. ಕೊನೆಗೆ ಮೇಡಂ ಕಾರಿಡಾರಿನ ಕಿಟಕಿಯ ಹತ್ತಿರ ಒಂದು ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿ ಕೂತರು. ಪಕ್ಕದಲ್ಲಿ ಇನ್ನೊಂದು ಹಿಡಿಸದಾಗಿ, ಸಾಹೇಬರು ತಮ್ಮದನ್ನು ಅವರ ಹಿಂದೆ ಹಾಕಿಕೊಂಡರು. ಬಸ್ಸಿನಲ್ಲಿ ಕೂತಂತೆ ಒಬ್ಬರ ಹಿಂದೊಬ್ಬರು ಕೂತು ಚಹಾ ಕುಡಿದರು. ಮೇಡಂ ಕಿಟಕಿ ನೋಡುತ್ತಿದ್ದರು, ಸಾಹೇಬರಿಗೆ ಮೇಡಂ ಅವರ ಬಿಳಿಯ ತುರುಬು ಕಾಣುತ್ತಿತ್ತು. ಮುಖ ಕಾಣದಿದ್ದದ್ದರಿಂದಲೋ ಏನೋ, ಸಾಹೇಬರಿಗೆ ಮಾತು ಬಂತು.

"ಆರು ಅಂತ ಬರೆಸ್ಬಾರ್ದಿತ್ತು ಮೇಡಂ. ನಾಚಿಕೆಗೇಡು."

"ನಾನು ಸರಿಯಾಗೇ ಬರೆಸ್ದೆ," ಎಂದರು ಮೇಡಂ ತಿರುಗದೆ. "ಒಂದು ಅಂತ. ಹದಿಮೂರು ವರ್ಷ ಆಯ್ತು. ನೀರು ಸರಿ, ಸದ್ದಿಲ್ಲ, ಯಾರಿಗೂ ತೊಂದ್ರೆ ಇಲ್ಲ. ಲೆಕ್ಕ ಸರಿ ಇರೋ ಮನೆಗೆ ಯಾರೂ ಬರೋದಿಲ್ಲ ಸಾಹೇಬ್ರೇ."

ಸಾಹೇಬರು ಬಿಸ್ಕತ್ತಿನ ತಟ್ಟೆಯನ್ನು ಮೇಡಂ ಅವರ ಭುಜದ ಮೇಲಿಂದ ಮುಂದಕ್ಕೆ ಚಾಚಿದರು. ಅವರು ಒಂದನ್ನು ತೆಗೆದುಕೊಂಡರು.

ಹೊರಡುವಾಗ ಬಾಗಿಲಲ್ಲಿ ಹೇಳಿದರು: "ನಾಳೆ ಸಂಜೆ ನೀವು ಕೆಳಗೆ ಬನ್ನಿ. ಐದೂವರೆ ಅಂದ್ರೆ ಐದೂವರೆ. ಅದೇ ನಕ್ಷೆ, ಯಾವ ಬಾಗಿಲು ಎಲ್ಲಿ ಅಂತ ಕೇಳೋದು ಬೇಡ."

ಮರುದಿನ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹದಿನೆಂಟು ಮೆಟ್ಟಿಲು ಇಳಿದರು. ಐದೂ ಇಪ್ಪತ್ತೆಂಟಕ್ಕೆ ತಲುಪಿ, ಎರಡು ನಿಮಿಷ ಹೊರಗೆ ನಿಂತು, ಬಾಗಿಲು ತಟ್ಟಿದರು. ಒಳಗೆ ಎಲ್ಲ ಅದೇ ಅಳತೆ. ಗೋಡೆಯುದ್ದಕ್ಕೂ ಪುಸ್ತಕಗಳು, ಒಂದೇ ಒಂದು ತಟ್ಟೆ, ಒಂದೇ ಒಂದು ಲೋಟ. ಕಾರಿಡಾರಿನ ಕೊನೆಯಲ್ಲಿ, ಅದೇ ಕಿಟಕಿಯ ಹತ್ತಿರ, ಎರಡು ಕುರ್ಚಿಗಳನ್ನು ಮೇಡಂ ಮೊದಲೇ ಒಂದರ ಹಿಂದೊಂದು ಹಾಕಿಟ್ಟಿದ್ದರು. ಎರಡನೆಯದನ್ನು ಪಕ್ಕದ ಮನೆಯಿಂದ ಕೇಳಿ ತಂದಂತಿತ್ತು, ಬೇರೆ ಜಾತಿಯ ಮರ.

"ಇವತ್ತು ಮುಂದಿನ ಸೀಟು ನಿಮ್ಮದು," ಎಂದರು.

ಸಾಹೇಬರು ಕೂತರು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ತಲೆಯ ಮೇಲಿನ ಚಾವಣಿಯೇ ತಮ್ಮ ಕಾರಿಡಾರಿನ ನೆಲ ಎಂದು ಸಾಹೇಬರಿಗೆ ಹೊಳೆದದ್ದು ಆಗ. ಕತ್ತೆತ್ತಿ ನೋಡಿದರು. ತಾವಿಲ್ಲದಾಗ ಆ ಮನೆ ಹೇಗಿರುತ್ತದೆಂದು ಅವರು ಎಂದೂ ಕೇಳಿಸಿಕೊಂಡಿರಲಿಲ್ಲ. ಕಿವಿಗೊಟ್ಟರು. ಹಿಂದಿನ ಕುರ್ಚಿಯಲ್ಲಿ ಮೇಡಂ ಕೂಡ ಕತ್ತೆತ್ತಿದ್ದರು, ಹದಿಮೂರು ವರ್ಷದ ಅಭ್ಯಾಸದಂತೆ.

"ಮೇಲೆ ಯಾರೂ ಇಲ್ಲ," ಎಂದರು ಮೇಡಂ.

"ಇಲ್ಲ ಮೇಡಂ," ಎಂದರು ಸಾಹೇಬರು. "ನಾನು ಇಲ್ಲಿದ್ದೀನಲ್ಲ."